ಬೆನ್ನಿಗೆ ಇಂಜೆಕ್ಷನ್ ಕೊಡಿಸಬೇಕಾ, ಪೂರ್ತಿ ಪ್ರಜ್ಞೆ ತಪ್ಪಿಸಬೇಕಾ?

ಪ್ರಶ್ನೆ: ನನ್ನ ಅಮ್ಮನಿಗೆ 67 ವರ್ಷ. ಎರಡೂ ಮಂಡಿ ಸವೆದಿದೆ. ಮುಂದಿನ ತಿಂಗಳು ಬಲ ಮಂಡಿ ಬದಲಾಯಿಸುವ ಆಪರೇಷನ್ ಇದೆ. 14 ವರ್ಷದಿಂದ ಶುಗರ್ ಇದೆ. ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ಇಕೋಸ್ಪ್ರಿನ್ 75 ತಗೊಳ್ತಾರೆ. ಕಿಡ್ನಿ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4 ಬಂದಿದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತೇವೆ ಅಂತ ಡಾಕ್ಟರ್ ಹೇಳಿದ್ದಾರೆ. ನಮ್ಮ ಅತ್ತಿಗೆಗೆ ಸಿಸೇರಿಯನ್ ಸಮಯದಲ್ಲಿ ಅದೇ ಇಂಜೆಕ್ಷನ್ ಕೊಟ್ಟಿದ್ದರು, 6 ವರ್ಷ ಆದರೂ ಅವರಿಗೆ ಬೆನ್ನು ನೋವು ಹೋಗಿಲ್ಲ. ಹಾಗಾಗಿ ಪೂರ್ತಿ ಪ್ರಜ್ಞೆ ತಪ್ಪಿಸಲಿ ಅಂತ ಅಮ್ಮ ಹಟ ಹಿಡಿದಿದ್ದಾರೆ. ಆದರೆ ನಮ್ಮ ದೊಡ್ಡಪ್ಪನಿಗೆ ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದ ಮೇಲೆ ಮರೆವು ಶುರುವಾಯಿತು. ನೋವಿನ ಮಾತ್ರೆಯಿಂದ ಕಿಡ್ನಿ ಹೋಗುತ್ತೆ, ಮಾರ್ಫಿನ್ ಕೊಟ್ಟರೆ ಚಟ ಹಿಡಿಯುತ್ತೆ ಅಂತಲೂ ಹೇಳುತ್ತಾರೆ. "ಔಷಧಿ ಕಡಿಮೆ ಕೊಡಿ, ಎರಡು ದಿನ ತಡ್ಕೋತೀನಿ" ಅನ್ನುತ್ತಿದ್ದಾರೆ ಅಮ್ಮ. ಏನು ಮಾಡೋಣ?
— ಹಾಸನ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಭಯಗಳಿವೆ. ಬೆನ್ನು, ಮರೆವು, ಕಿಡ್ನಿ, ಚಟ. ನಾಲ್ಕಕ್ಕೂ ಉತ್ತರ ಕೊಡುತ್ತೇನೆ. ಆದರೆ ಅರಿವಳಿಕೆ ವೈದ್ಯನಾಗಿ ನನಗೆ ಹೆಚ್ಚು ಚಿಂತೆ ತಂದದ್ದು ಅಮ್ಮನ ಆ ಕೊನೆಯ ಮಾತು. ಬೆನ್ನಿಗೆ ಇಂಜೆಕ್ಷನ್ನೋ, ಪೂರ್ತಿ ಅರಿವಳಿಕೆಯೋ ಅನ್ನುವುದು ಆಪರೇಷನ್ ಟೇಬಲ್ ಮೇಲಿನ ಎರಡು ಗಂಟೆಯ ವಿಷಯ. ಅವರ ವಯಸ್ಸಿಗೆ, ಅವರ ಆರೋಗ್ಯಕ್ಕೆ ಎರಡೂ ನಡೆಯುತ್ತದೆ. ಆ ಸಂಜೆಯಿಂದ ಮೂರನೇ ದಿನದವರೆಗೆ ನೋವಿಗೆ ಏನು ಕೊಡುತ್ತಾರೆ ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅದನ್ನು ಯಾರೂ ಕೇಳುವುದಿಲ್ಲ.

ಮೊದಲು ಬೆನ್ನಿನ ವಿಷಯ. ಸಿಸೇರಿಯನ್ ಆದ ತಾಯಂದಿರು ಇದನ್ನು ಹೇಳದ ಊರೇ ಇಲ್ಲ. ಅವರ ನೋವು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಬಸುರಿಯಲ್ಲಿ ಸೊಂಟದ ಕೀಲುಗಳ ಕಟ್ಟು ಸಡಿಲವಾಗುತ್ತದೆ, ಹೊಟ್ಟೆಯ ಭಾರಕ್ಕೆ ಬೆನ್ನು ಬಾಗುತ್ತದೆ. ಹೆರಿಗೆ ಆದಮೇಲೆ ತಿಂಗಳುಗಟ್ಟಲೆ ಬಗ್ಗಿ ಕೂತು ಹಾಲು ಕುಡಿಸುವುದು, ಮಗುವನ್ನು ಎತ್ತಿಕೊಳ್ಳುವುದು, ನಿದ್ದೆಗೇಡು. ಹೆರಿಗೆಯಲ್ಲಿ ಬೆನ್ನಿಗೆ ಇಂಜೆಕ್ಷನ್ ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ದೀರ್ಘಕಾಲದ ಬೆನ್ನು ನೋವು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಸೂಜಿ ಚುಚ್ಚಿದ ಜಾಗ ಕೆಲವು ದಿನ ಮುಟ್ಟಿದರೆ ನೋಯಬಹುದು. ಗಟ್ಟಿ ಟೇಬಲ್ ಮೇಲೆ ಅಲುಗಾಡದೆ ಮಲಗಿದರೆ ಪೂರ್ತಿ ಅರಿವಳಿಕೆ ಕೊಟ್ಟವರಿಗೂ ಬೆನ್ನು ಹಿಡಿಯುತ್ತದೆ. ನಿಮ್ಮ ಅತ್ತಿಗೆಗೆ 6 ವರ್ಷದ ನೋವು ಇದ್ದರೆ ಅದನ್ನು ಸೂಜಿಯ ಲೆಕ್ಕಕ್ಕೆ ಹಾಕಿ ಸುಮ್ನಿರಬೇಡಿ. ಒಬ್ಬ ಮೂಳೆ ವೈದ್ಯರಿಗೆ ತೋರಿಸಿ. ಕಾರಣ ಸಿಕ್ಕರೆ ಚಿಕಿತ್ಸೆ ಇರುತ್ತದೆ.

ಬೆನ್ನಿನ ಇಂಜೆಕ್ಷನ್‌ನಿಂದ ನಿಜವಾಗಿ ಆಗಬಹುದಾದದ್ದು ತಲೆನೋವು. ಬೆನ್ನುಹುರಿಯ ಸುತ್ತ ಇರುವ ಪೊರೆಯಲ್ಲಿ ಸೂಜಿ ಮಾಡಿದ ತೂತಿನಿಂದ ಒಳಗಿನ ದ್ರವ ಸೋರಿದರೆ, ಎದ್ದು ಕೂತಾಗ ತಲೆ ಸಿಡಿಯುತ್ತದೆ, ಮಲಗಿದರೆ ತಗ್ಗುತ್ತದೆ. ಈ ವಿಧಾನವನ್ನು 1898ರಲ್ಲಿ ಮೊದಲು ಬಳಸಿದ ಜರ್ಮನಿಯ ಆಗಸ್ಟ್ ಬಿಯರ್ ತನ್ನ ಮೇಲೇ ಪ್ರಯೋಗ ಮಾಡಿಸಿಕೊಂಡು, ಇದೇ ತಲೆನೋವಿನಿಂದ ದಿನಗಟ್ಟಲೆ ಹಾಸಿಗೆ ಹಿಡಿದಿದ್ದರು. ಆಗಿನ ಸೂಜಿ ದಪ್ಪ. ಈಗಿನದು ಅದಕ್ಕಿಂತ ಬಹಳ ತೆಳು. ಅದರಲ್ಲೂ ಪೆನ್ಸಿಲ್ ತುದಿಯ ಸೂಜಿ ಪೊರೆಯ ಎಳೆಗಳನ್ನು ಕತ್ತರಿಸುವ ಬದಲು ಸರಿಸಿಕೊಂಡು ಒಳಗೆ ಹೋಗುತ್ತದೆ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ 110 ಅಧ್ಯಯನಗಳನ್ನು ಒಟ್ಟು ಮಾಡಿದ ವಿಶ್ಲೇಷಣೆ ಪ್ರಕಟಿಸಿತು. ಬೆನ್ನಿಗೆ ಸೂಜಿ ಹಾಕಿಸಿಕೊಂಡ ಎಲ್ಲ ಬಗೆಯ ರೋಗಿಗಳನ್ನು ಸೇರಿಸಿ ನೋಡಿದಾಗ ಹಳೇ ಮಾದರಿಯ ಸೂಜಿಯಲ್ಲಿ ನೂರಕ್ಕೆ 11 ಜನರಿಗೆ ತಲೆನೋವು ಬಂದಿತ್ತು, ಪೆನ್ಸಿಲ್ ತುದಿಯದರಲ್ಲಿ 4 ಜನರಿಗೆ. ವಯಸ್ಸಾದವರಿಗೆ ಇದು ಇನ್ನೂ ಕಡಿಮೆ. ಅಮ್ಮನ ವಯಸ್ಸಿನಲ್ಲಿ ನಾನು ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಾಲು ಬಿದ್ದುಹೋಗುತ್ತದೆ ಎಂಬ ಭಯವನ್ನು ನೀವು ಬರೆದಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ನಾವು ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು 7 ಲಕ್ಷಕ್ಕೂ ಹೆಚ್ಚು ಇಂಥ ಇಂಜೆಕ್ಷನ್‌ಗಳ ಲೆಕ್ಕ ಹಾಕಿ 2009ರಲ್ಲಿ ವರದಿ ಕೊಟ್ಟಿತು. ಶಾಶ್ವತ ಹಾನಿ ಆದದ್ದು, ಕೆಟ್ಟದ್ದನ್ನೇ ಊಹಿಸಿಕೊಂಡರೂ, ಲಕ್ಷಕ್ಕೆ ಸುಮಾರು 4 ಜನರಿಗೆ. ಅದರಲ್ಲಿ ಒಂದು ಮುಖ್ಯ ಕಾರಣ ರಕ್ತಸ್ರಾವವಾಗಿ ನರದ ಮೇಲೆ ಒತ್ತಡ ಬೀಳುವುದು. ಹಾಗಾಗಿಯೇ ರಕ್ತ ತೆಳುವಾಗಿಸುವ ಮಾತ್ರೆಗಳ ಬಗ್ಗೆ ನಾವು ಅಷ್ಟು ಕೆದಕಿ ಕೇಳುವುದು. ಇಕೋಸ್ಪ್ರಿನ್ 75 ಒಂದೇ ಆದರೆ ತೊಂದರೆ ಇಲ್ಲ. ಅದರ ಜೊತೆ ಕ್ಲೋಪಿಡೋಗ್ರೆಲ್ ಇರುವ ಮಾತ್ರೆಯಾದರೆ 5ರಿಂದ 7 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ, ಅದೂ ಹೃದಯದ ವೈದ್ಯರನ್ನು ಕೇಳಿಯೇ. ಮಾತ್ರೆಯ ಪಟ್ಟಿ ತಿರುಗಿಸಿ ಹೆಸರು ಸರಿಯಾಗಿ ಓದಿ.

ಈಗ ಮರೆವು. ಇದರಲ್ಲಿ ಸತ್ಯ ಇದೆ, ಆದರೆ ಬೇರೆ ರೀತಿಯಲ್ಲಿ. ದೊಡ್ಡ ಆಪರೇಷನ್ ಆದ 60 ದಾಟಿದವರನ್ನು ಪರೀಕ್ಷಿಸಿ 1998ರಲ್ಲಿ ಒಂದು ಅಂತರರಾಷ್ಟ್ರೀಯ ಅಧ್ಯಯನ ಬಂತು. ಒಂದು ವಾರದ ನಂತರ ನಾಲ್ಕರಲ್ಲಿ ಒಬ್ಬರಿಗೆ ನೆನಪು, ಗಮನ ಕುಂದಿತ್ತು. ಮೂರು ತಿಂಗಳ ಹೊತ್ತಿಗೆ ಅದು ಹತ್ತರಲ್ಲಿ ಒಬ್ಬರಿಗೆ ಇಳಿದಿತ್ತು. ಅಂದರೆ ದೊಡ್ಡಪ್ಪನಿಗೆ ಆದದ್ದು ಕಲ್ಪನೆ ಇರಲಿಕ್ಕಿಲ್ಲ. ಆದರೆ ಅದೇ ತಂಡ 2003ರಲ್ಲಿ ಪೂರ್ತಿ ಅರಿವಳಿಕೆ ಮತ್ತು ಮರಗಟ್ಟಿಸುವ ಅರಿವಳಿಕೆ ಎರಡನ್ನೂ ಹೋಲಿಸಿದಾಗ ಮೂರು ತಿಂಗಳ ಫಲಿತಾಂಶದಲ್ಲಿ ವ್ಯತ್ಯಾಸವೇ ಸಿಗಲಿಲ್ಲ. ಇತ್ತೀಚೆಗೆ ಸೊಂಟದ ಮೂಳೆ ಮುರಿದ ವೃದ್ಧರ ಮೇಲೆ ಎರಡು ದೊಡ್ಡ ಅಧ್ಯಯನಗಳು ನಡೆದವು. ಒಂದು ಅಮೆರಿಕ, ಕೆನಡಾಗಳಲ್ಲಿ 1,600 ಜನರ ಮೇಲೆ, ಇನ್ನೊಂದು ಚೀನಾದಲ್ಲಿ 950 ಜನರ ಮೇಲೆ. ಆಪರೇಷನ್ ನಂತರದ ಗೊಂದಲ, ಅಂದರೆ ಹೊತ್ತು ಗೊತ್ತಿಲ್ಲದೆ ಮಾತಾಡುವುದು, ಎರಡೂ ಬಗೆಯ ಅರಿವಳಿಕೆಯಲ್ಲಿ ಹೆಚ್ಚುಕಡಿಮೆ ಸಮವಾಗಿತ್ತು. ಅವರೆಲ್ಲ ನಿಮ್ಮ ಅಮ್ಮನಿಗಿಂತ ಜಾಸ್ತಿ ಬಳಲಿದವರು, ಅದು ಗಮನದಲ್ಲಿರಲಿ.

ಹಾಗಾದರೆ ಗೊಂದಲ ಯಾಕೆ ಬರುತ್ತದೆ? ಆಪರೇಷನ್ ಮಾಡಿದ ಗಾಯಕ್ಕೆ ಇಡೀ ದೇಹದಲ್ಲಿ ಉರಿಯೂತ ಏಳುತ್ತದೆ, ಮೆದುಳಿಗೂ ಅದರ ಬಿಸಿ ತಟ್ಟುತ್ತದೆ. ಅದರ ಮೇಲೆ ನಿದ್ದೆ ಇಲ್ಲ, ನೀರು ಕಡಿಮೆ, ಸೋಡಿಯಂ ಏರುಪೇರು, ನಿದ್ದೆ ಮಾತ್ರೆ, ಮತ್ತೆ ನೋವು. ಹೌದು, ಸರಿಯಾಗಿ ತಗ್ಗಿಸದ ನೋವೂ ಗೊಂದಲಕ್ಕೆ ಕಾರಣ. ಮೊದಲೇ ಸಣ್ಣಗೆ ಮರೆವು ಶುರುವಾಗಿ ಮನೆಯವರಿಗೆ ತಿಳಿಯದೇ ಇದ್ದವರಲ್ಲಿ ಆಸ್ಪತ್ರೆಯ ದಿನಗಳು ಅದನ್ನು ಬಯಲಿಗೆ ತರುತ್ತವೆ. ಅಮ್ಮನಿಗೆ ಇತ್ತೀಚೆಗೆ ಹಾಲು ಉಕ್ಕಿಸುವುದು, ಹೇಳಿದ್ದನ್ನೇ ಹೇಳುವುದು ಇದ್ದರೆ ಮುಚ್ಚಿಡಬೇಡಿ, ಮೊದಲೇ ತಿಳಿಸಿ. ವಾರ್ಡಿಗೆ ಬಂದ ಕೂಡಲೇ ಅವರ ಕನ್ನಡಕ, ಕಿವಿ ಯಂತ್ರ, ಹಲ್ಲಿನ ಸೆಟ್ ಕೊಡಿ. ರಾತ್ರಿ ಪರಿಚಯದ ಮುಖ ಒಂದು ಪಕ್ಕದಲ್ಲಿರಲಿ. ಇವು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಗೊಂದಲ ತಡೆಯುವುದರಲ್ಲಿ ಯಾವ ಮಾತ್ರೆಗಿಂತಲೂ ಹೆಚ್ಚು ಪುರಾವೆ ಇರುವುದು ಇಂಥವುಗಳಿಗೇ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಕೇಳಿದರೆ, ಮಂಡಿ ಬದಲಾವಣೆಗೆ ಬೆನ್ನಿನ ಇಂಜೆಕ್ಷನ್ನೇ ನನ್ನ ಮೊದಲ ಆಯ್ಕೆ. ಗಂಟಲಿಗೆ ಟ್ಯೂಬ್ ಹಾಕುವ ಅಗತ್ಯ ಇರುವುದಿಲ್ಲ, ವಾಂತಿ ಕಡಿಮೆ, ಬೇಗ ಊಟ ಮಾಡಬಹುದು. ಆಪರೇಷನ್ ಮುಗಿದ ಮೊದಲ ಗಂಟೆಗಳಲ್ಲಿ ನೋವೂ ಇರುವುದಿಲ್ಲ. ಬಿಪಿ ಇಳಿಯುವುದು, ಕೆಲವು ಗಂಟೆ ಮೂತ್ರ ಕಟ್ಟುವುದು ಇದರ ಸಾಮಾನ್ಯ ತೊಂದರೆಗಳು. ಬಿಪಿ ಇಳಿಯುವುದಕ್ಕೆ ಟೇಬಲ್ ಪಕ್ಕದಲ್ಲೇ ಔಷಧಿ ಸಿದ್ಧವಾಗಿರುತ್ತದೆ. ಒಂದು ಮಾತು ಅಮ್ಮನಿಗೆ ಮೊದಲೇ ಹೇಳಿ. ಎಚ್ಚರ ಇದ್ದರೆ ಗರಗಸದ ಸದ್ದು, ಸುತ್ತಿಗೆಯಿಂದ ಬಡಿಯುವ ಸದ್ದು ಕೇಳಿಸುತ್ತದೆ. ಬಡಿತಕ್ಕೆ ಮೈ ಅಲುಗಿದ್ದೂ ತಿಳಿಯುತ್ತದೆ, ನೋವು ಮಾತ್ರ ಇರುವುದಿಲ್ಲ. ಇದನ್ನು ಹೇಳದೇ ಕರೆದುಕೊಂಡು ಹೋದರೆ ಗಾಬರಿಯಾಗುತ್ತಾರೆ. ಹಗುರವಾಗಿ ನಿದ್ದೆ ಬರಿಸುವಂತೆ ಕೇಳಬಹುದು, ಕಿವಿಗೆ ಹಾಡು ಹಾಕಿಸಿಕೊಳ್ಳಬಹುದು. ಇಷ್ಟಾದರೂ ಅವರಿಗೆ ಬೇಡವೇ ಬೇಡ ಅನ್ನಿಸಿದರೆ ಪೂರ್ತಿ ಅರಿವಳಿಕೆಗೇ ಹೋಗಲಿ. ನಡುವೆ ಎಚ್ಚರವಾದರೆ ಏನು ಗತಿ ಎಂಬ ಭಯವೂ ಇದ್ದರೆ, 2014ರ ಬ್ರಿಟನ್ ವರದಿಯಲ್ಲಿ ಹಾಗೆ ಆಯಿತೆಂದು ಹೇಳಿದವರು ಸುಮಾರು 19,000ಕ್ಕೆ ಒಬ್ಬರು. ಒಪ್ಪದವರನ್ನು ಬಲವಂತವಾಗಿ ಕೂರಿಸಿ ಬೆನ್ನಿಗೆ ಸೂಜಿ ಹಾಕುವುದರಲ್ಲಿ ಯಾವ ಲಾಭವೂ ಇಲ್ಲ.

ಈಗ ನನಗೆ ಮುಖ್ಯವೆನಿಸಿದ ವಿಷಯ. "ಎರಡು ದಿನ ತಡ್ಕೋತೀನಿ."

ನಮ್ಮ ತಾಯಂದಿರು ತಡೆದುಕೊಳ್ಳುವುದರಲ್ಲಿ ಗಟ್ಟಿ, ನನಗೆ ಗೊತ್ತು. ಆದರೆ ಮಂಡಿ ಬದಲಾವಣೆಯಲ್ಲಿ ತೊಡೆಮೂಳೆಯ ತುದಿ, ಕೆಳಗಿನ ಮೂಳೆಯ ತಲೆ ಎರಡನ್ನೂ ಕೊಯ್ದು ಲೋಹ ಕೂರಿಸುತ್ತಾರೆ. ಅತಿ ಹೆಚ್ಚು ನೋವು ಕೊಡುವ ಆಪರೇಷನ್‌ಗಳಲ್ಲಿ ಇದೂ ಒಂದು. ಹಾಗಿದ್ದೂ ಅದೇ ದಿನ ಸಂಜೆ ಅಥವಾ ಮರುದಿನವೇ ಎದ್ದು ನಿಲ್ಲಬೇಕು, ಮಂಡಿ ಮಡಚಬೇಕು. ನೋವಿದ್ದರೆ ಮಡಚುವುದಿಲ್ಲ. ಮಡಚದಿದ್ದರೆ ಒಳಗೆ ಗಾಯದ ನಾರು ಕಟ್ಟಿಕೊಂಡು ಕೀಲು ಬಿಗಿಯುತ್ತದೆ. ಆಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಜಾಸ್ತಿ. ನೋವಿನ ಒತ್ತಡಕ್ಕೆ ಬಿಪಿ ಏರುತ್ತದೆ, ಶುಗರ್ ಕೂಡ ಏರುತ್ತದೆ. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ಗಾಯಕ್ಕೆ ಸೋಂಕು ತಗಲುವುದು ಸುಲಭ.

ಇನ್ನೊಂದು ಕಾರಣ ನರಗಳ ಒಳಗೇ ಇದೆ. ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ 1983ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದು: ಗಾಯದಿಂದ ಜೋರಾದ ನೋವಿನ ಸಂಕೇತಗಳು ಬರುತ್ತಿದ್ದರೆ ಬೆನ್ನುಹುರಿಯ ನರಕೋಶಗಳೇ ಬದಲಾಗುತ್ತವೆ. ಆಮೇಲೆ ಸಣ್ಣ ಮುಟ್ಟುವಿಕೆಗೂ ಅವು ಕೆರಳುತ್ತವೆ. ಗಾಯ ಮಾಗಿದರೂ ಅಲಾರಂ ನಿಲ್ಲದ ಹಾಗೆ. ಮಂಡಿ ಬದಲಾಯಿಸಿಕೊಂಡವರಲ್ಲಿ ನೂರಕ್ಕೆ 10ರಿಂದ 20 ಜನರಿಗೆ ತಿಂಗಳುಗಳ ನಂತರವೂ ಗಣನೀಯ ನೋವು ಉಳಿಯುತ್ತದೆ. ಮೊದಲ ದಿನಗಳಲ್ಲಿ ವಿಪರೀತ ನೋವು ಉಂಡವರು ಆ ಗುಂಪಿನಲ್ಲಿ ಹೆಚ್ಚು. ಮೊದಲ ದಿನಗಳ ನೋವು ತಗ್ಗಿಸಿದರೆ ಇದು ಖಂಡಿತ ತಪ್ಪುತ್ತದೆ ಎಂದು ನಾನು ಮಾತು ಕೊಡಲಾರೆ. ಆಪರೇಷನ್‌ಗೆ ಮೊದಲಿದ್ದ ನೋವು, ಮನಸ್ಸಿನ ಆತಂಕ, ಇವೂ ಲೆಕ್ಕಕ್ಕೆ ಬರುತ್ತವೆ. ಆದರೆ ತಡೆದುಕೊಂಡರೆ ಬೇಗ ವಾಸಿಯಾಗುತ್ತದೆ ಎನ್ನುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

ಅಮ್ಮ ಹೇಳುವುದರಲ್ಲಿ ಒಂದು ಅರ್ಧ ಸತ್ಯವಿದೆ. ಒಂದೇ ಔಷಧಿಯನ್ನು ಜಾಸ್ತಿ ಕೊಡುವುದು ಒಳ್ಳೆಯದಲ್ಲ. 1993ರಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಮತ್ತು ಅವರ ಸಹೋದ್ಯೋಗಿ ಬರೆದ ಲೇಖನದ ಸಾರವೂ ಅದೇ. ಬೇರೆ ಬೇರೆ ಜಾಗದಲ್ಲಿ ಕೆಲಸ ಮಾಡುವ ಔಷಧಿಗಳನ್ನು ಸ್ವಲ್ಪ ಸ್ವಲ್ಪ ಸೇರಿಸಿದರೆ ನೋವೂ ತಗ್ಗುತ್ತದೆ, ಪ್ರತಿಯೊಂದರ ತೊಂದರೆಯೂ ತಗ್ಗುತ್ತದೆ. ನಾವೀಗ ಮಾಡುವುದು ಅದನ್ನೇ.

ಅದರಲ್ಲಿ ಮಂಡಿಗೆ ಹೆಚ್ಚು ಉಪಯೋಗಕ್ಕೆ ಬರುವುದು ನರದ ಬ್ಲಾಕ್. ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ತೊಡೆಯ ಒಳಬದಿಯ ನರದ ಪಕ್ಕ ಮರಗಟ್ಟಿಸುವ ಔಷಧಿ ಹಾಕುತ್ತೇವೆ. ಹಿಂದೆ ತೊಡೆಸಂದಿಯಲ್ಲೇ ಹಾಕುತ್ತಿದ್ದರು. ಆಗ ತೊಡೆಯ ಸ್ನಾಯುವೂ ಸೋತು, ಎದ್ದವರು ಕುಸಿದು ಬೀಳುವ ಅಪಾಯ ಇತ್ತು. ಈಗ ಇನ್ನೂ ಕೆಳಗೆ ಹಾಕುವುದರಿಂದ ಕಾಲಿನ ಬಲ ಬಹುಪಾಲು ಉಳಿಯುತ್ತದೆ. ಆದರೂ ಮೊದಲ ಸಲ ಏಳುವಾಗ ಒಬ್ಬರು ಹಿಡಿದುಕೊಂಡೇ ಇರಬೇಕು. ಮಂಡಿಯ ಹಿಂಭಾಗಕ್ಕೆ ಈ ಬ್ಲಾಕ್ ಸಾಲದು. ಅದಕ್ಕೆ ಸರ್ಜನ್ ಆಪರೇಷನ್ ಮುಗಿಸುವ ಮೊದಲು ಕೀಲಿನ ಸುತ್ತ ಔಷಧಿ ತುಂಬಿಸುತ್ತಾರೆ. ಇವೆರಡೂ ಸೇರಿದರೆ ಮೊದಲ ದಿನ ಬಹಳ ಮಂದಿಗೆ ಸಲೀಸು. ಔಷಧಿ ರಕ್ತಕ್ಕೆ ಹೋಗುವುದು, ನರಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಶುಗರ್‌ನಿಂದ ಅಮ್ಮನ ಪಾದ ಮೊದಲೇ ಜೋಮು ಹಿಡಿಯುತ್ತಿದ್ದರೆ ಅದನ್ನು ಆಪರೇಷನ್‌ಗೆ ಮುಂಚೆ ಬರೆಸಿಡಿ. ಬೆನ್ನಿನಲ್ಲಿ ಸಣ್ಣ ನಳಿಕೆ ಬಿಟ್ಟು ಎರಡು ದಿನ ಔಷಧಿ ಹರಿಸುವ ಎಪಿಡ್ಯೂರಲ್ ಕೂಡ ಇದೆ. ನೋವಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಬಿಪಿ ಇಳಿದು, ಎರಡೂ ಕಾಲು ಸೋತು, ನಡೆಸುವುದು ತಡವಾಗುತ್ತದೆ. ಒಂದೇ ಮಂಡಿಗಾದರೆ ನಾನು ಅದಕ್ಕೆ ಹೋಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ. ಬ್ಲಾಕ್ ಇಳಿಯುವ ಹೊತ್ತು. ಬೆಳಿಗ್ಗೆ ಆಪರೇಷನ್ ಆದರೆ ಮಧ್ಯಾಹ್ನ ಬೆನ್ನಿನ ಇಂಜೆಕ್ಷನ್ ಇಳಿಯುತ್ತದೆ, ಬ್ಲಾಕ್ ಮಧ್ಯರಾತ್ರಿಯ ಆಚೀಚೆ. ಸಂಜೆ ನಗುನಗುತ್ತಾ ಕಾಫಿ ಕುಡಿದವರು ರಾತ್ರಿ ಎರಡು ಗಂಟೆಗೆ ಹಾಸಿಗೆಯ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡಿರುತ್ತಾರೆ. ಆ ಹೊತ್ತಿಗೆ ಡಾಕ್ಟರ್ ಮನೆಗೆ ಹೋಗಿರುತ್ತಾರೆ, ಒಬ್ಬ ನರ್ಸ್‌ಗೆ ಇಡೀ ವಾರ್ಡ್. "ಹೇಗಿದ್ದೀರಮ್ಮ?" ಅಂತ ಕೇಳಿದರೆ ಬರುವ ಉತ್ತರ "ಪರವಾಗಿಲ್ಲಪ್ಪ". ಹಾಗಾಗಿ ನೋವು ಬಂದಮೇಲೆ ಕೊಡೋಣ ಅನ್ನುವುದು ಬೇಡ. ಸಂಜೆ ಕಾಲು ಇನ್ನೂ ಮರಗಟ್ಟಿರುವಾಗಲೇ ಮಾತ್ರೆ ಶುರುವಾಗಬೇಕು, ಗಂಟೆ ನೋಡಿ ಕೊಡಬೇಕು. ಪಕ್ಕದಲ್ಲಿರುವ ನೀವು "ನೋವಿದೆಯಾ" ಅಂತ ಮಾತ್ರ ಕೇಳಬೇಡಿ. "ಮಂಡಿ ಸ್ವಲ್ಪ ಮಡಚಿ ನೋಡಮ್ಮ, ಈಗ ಹತ್ತಕ್ಕೆ ಎಷ್ಟು?" ಅಂತ ಕೇಳಿ. ಸುಮ್ನೆ ಮಲಗಿದ್ದಾಗ 2 ಅಂದವರು ಮಡಚಿದಾಗ 8 ಅನ್ನುತ್ತಾರೆ. ನರ್ಸ್‌ಗೆ ಆ 8 ಹೇಳಿ.

ಕಿಡ್ನಿಯ ಭಯ ಅಮ್ಮನ ವಿಷಯದಲ್ಲಿ ಸರಿಯಾಗಿಯೇ ಇದೆ. ಆದರೆ ಎಲ್ಲ ನೋವಿನ ಮಾತ್ರೆಗೂ ಅದು ಅನ್ವಯಿಸುವುದಿಲ್ಲ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಗುಂಪಿನವು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಕ್ರಿಯಾಟಿನಿನ್ 1.4, ಹಳೇ ಶುಗರ್, ಮೇಲೆ ಟೆಲ್ಮಿಸಾರ್ಟನ್, ಆಪರೇಷನ್ ದಿನದ ಉಪವಾಸ. ಇವೆಲ್ಲ ಸೇರಿದಾಗ ಆ ಗುಂಪಿನ ಇಂಜೆಕ್ಷನ್ ಬೇಡ ಅನ್ನುವುದೇ ನನ್ನ ಸಲಹೆ. ಆಪರೇಷನ್ ದಿನ ಬೆಳಿಗ್ಗೆ ಟೆಲ್ಮಿಸಾರ್ಟನ್ ಕೊಡಬೇಕಾ ಬೇಡವಾ ಅಂತಲೂ ಕೇಳಿಕೊಳ್ಳಿ. ಪ್ಯಾರಾಸಿಟಮಾಲ್ ಆ ಗುಂಪಿಗೆ ಸೇರಿದ್ದಲ್ಲ. ಸರಿಯಾದ ಪ್ರಮಾಣದಲ್ಲಿ ಅವರಿಗೆ ಅದೇ ಬುನಾದಿ. ಆದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಎಷ್ಟೋ ನೋವಿನ ಮಾತ್ರೆಗಳಲ್ಲಿ ಅಸೆಕ್ಲೋಫೆನಾಕ್ ಮತ್ತು ಪ್ಯಾರಾಸಿಟಮಾಲ್ ಒಟ್ಟಿಗೇ ಇರುತ್ತವೆ. ಗೊತ್ತಿಲ್ಲದೆ ಅದನ್ನೂ ಬೇರೆ ಪ್ಯಾರಾಸಿಟಮಾಲ್ ಮಾತ್ರೆಯನ್ನೂ ನುಂಗಿದರೆ ಕಿಡ್ನಿಗೂ ಪೆಟ್ಟು, ಪ್ಯಾರಾಸಿಟಮಾಲ್ ಪ್ರಮಾಣವೂ ಮೀರುತ್ತದೆ. ಅಮ್ಮ ಇಷ್ಟು ವರ್ಷ ಮಂಡಿ ನೋವಿಗೆ ಏನು ನುಂಗುತ್ತಿದ್ದರು ಅಂತ ಕೇಳಿದ್ದೀರಾ? ಆ 1.4ಕ್ಕೆ ಅದೂ ಒಂದು ಕಾರಣ ಇರಬಹುದು. ನೋವಿಗೆಂದು ಯಾರೋ ಕೊಟ್ಟ ಪುಡಿ ತಿಂದಿದ್ದರೂ ಹೇಳಿ. ಅಂಥ ಕೆಲವು ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುತ್ತಾರೆ, ಅರಿವಳಿಕೆ ಕೊಡುವವರಿಗೆ ಅದು ತಿಳಿದಿರಲೇಬೇಕು.

ಮಾರ್ಫಿನ್ ಚಟದ ಭಯ ಅಮೆರಿಕದ ಸುದ್ದಿಗಳಿಂದ ಬಂದಿರಬಹುದು. ಅಲ್ಲಿ ಡಬ್ಬಿಗಟ್ಟಲೆ ಮಾತ್ರೆ ಮನೆಗೆ ಕಳಿಸಿ ದೊಡ್ಡ ಅನಾಹುತವೇ ಆಯಿತು. ನಮ್ಮಲ್ಲಿ ಕಥೆ ಉಲ್ಟಾ. ಮಾರ್ಫಿನ್ ತಯಾರಾಗುವ ಅಫೀಮನ್ನು ಕಾನೂನುಬದ್ಧವಾಗಿ ಬೆಳೆಯುವ ಕೆಲವೇ ದೇಶಗಳಲ್ಲಿ ಭಾರತ ಒಂದು. ಆದರೂ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನೇ ಬಿಟ್ಟವು, ಕ್ಯಾನ್ಸರ್ ರೋಗಿಗಳು ನರಳಿ ಸತ್ತರು. 2014ರ ತಿದ್ದುಪಡಿಯಿಂದ ಲೈಸೆನ್ಸ್ ಸ್ವಲ್ಪ ಸುಲಭವಾಗಿದೆ. ಆಸ್ಪತ್ರೆಯಲ್ಲಿ ಜೋರು ನೋವಿಗೆ ಎರಡು ಮೂರು ದಿನ ಅಳತೆಯಲ್ಲಿ ಕೊಟ್ಟರೆ ಚಟ ಹತ್ತುವುದು ತೀರಾ ಅಪರೂಪ. ಅಮ್ಮನ ವಿಷಯದಲ್ಲಿ ನಾನು ನೋಡುವ ಅಪಾಯ ಬೇರೆ. ಕಿಡ್ನಿ ಮಂದವಾಗಿದ್ದರೆ ಮಾರ್ಫಿನ್‌ನ ಅಂಶಗಳು ದೇಹದಲ್ಲೇ ಉಳಿದು ಮಂಪರು, ಉಸಿರಾಟ ನಿಧಾನವಾಗುವುದು ಆಗಬಹುದು. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುವವರಾದರೆ ಇನ್ನೂ ಅಪಾಯ. ಅವರಿಗೆ ಫೆಂಟಾನಿಲ್‌ನಂಥದ್ದನ್ನು ಕಡಿಮೆ ಪ್ರಮಾಣದಲ್ಲಿ, ಮಾನಿಟರ್ ಹಾಕಿಕೊಂಡು ಕೊಡುವುದು ಮೇಲು. ಟ್ರಮಡಾಲ್ ಹಗುರ ಅಂತ ಧಾರಾಳವಾಗಿ ಬರೆಯುತ್ತಾರೆ. ವಯಸ್ಸಾದವರಿಗೆ ಅದರಿಂದ ವಾಂತಿ, ತಲೆಸುತ್ತು, ಗೊಂದಲ ಸಾಮಾನ್ಯ. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರಂತೂ ಮೊದಲೇ ಹೇಳಲೇಬೇಕು. ರಾತ್ರಿ ಮಾತ್ರೆ ಅಂತ ಪ್ರೆಗಾಬಲಿನ್ ಎಂಬ ನರನೋವಿನ ಔಷಧಿ ಸೇರಿಸುವ ರೂಢಿಯೂ ಇದೆ. 2020ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಆಪರೇಷನ್ ನೋವಿಗೆ ಅದರ ಲಾಭ ಗಮನಿಸುವಷ್ಟು ಇರಲಿಲ್ಲ, ತಲೆಸುತ್ತು ಮಾತ್ರ ಜಾಸ್ತಿ ಇತ್ತು. ಅಮ್ಮನಿಗೆ ನಾನಾದರೆ ಬರೆಯುವುದಿಲ್ಲ.

ಆಪರೇಷನ್‌ಗೆ ಒಂದೆರಡು ವಾರ ಮೊದಲೇ ಅರಿವಳಿಕೆ ವೈದ್ಯರನ್ನು ಭೇಟಿ ಮಾಡಿ. ಹಿಂದಿನ ದಿನ ರಾತ್ರಿ ಐದು ನಿಮಿಷದ ಮಾತುಕತೆ ಸಾಲದು. ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಶುಗರ್‌ಗೆ ಡಪಾಗ್ಲಿಫ್ಲೊಜಿನ್ ಅಥವಾ ಎಂಪಾಗ್ಲಿಫ್ಲೊಜಿನ್ ಇದ್ದರೆ 3 ದಿನ ಮೊದಲು ನಿಲ್ಲಿಸಬೇಕಾಗುತ್ತದೆ, ಇಲ್ಲದಿದ್ದರೆ ಉಪವಾಸದಲ್ಲಿ ರಕ್ತ ಆಮ್ಲವಾಗುವ ಅಪಾಯವಿದೆ. ಕ್ರಿಯಾಟಿನಿನ್ ಇನ್ನೊಮ್ಮೆ ಮಾಡಿಸಿ. ಉಪವಾಸದ ಬಗ್ಗೆ ಸ್ಪಷ್ಟವಾಗಿ ಕೇಳಿ. ಘನ ಆಹಾರ 6 ಗಂಟೆ ಮೊದಲು ನಿಲ್ಲಿಸಿದರೆ ಸಾಕು, ಬರೀ ನೀರನ್ನು 2 ಗಂಟೆ ಮೊದಲಿನವರೆಗೂ ಕುಡಿಯಬಹುದು ಎನ್ನುತ್ತವೆ ಈಗಿನ ನಿಯಮಗಳು. ಶುಗರ್‌ನಿಂದ ಅಮ್ಮನಿಗೆ ಹೊಟ್ಟೆ ನಿಧಾನವಾಗಿ ಖಾಲಿಯಾಗುವ ತೊಂದರೆ ಇದ್ದರೆ ವೈದ್ಯರು ಇದನ್ನು ಬದಲಾಯಿಸಬಹುದು. ರಾತ್ರಿಯಿಂದ ಮಧ್ಯಾಹ್ನದವರೆಗೆ ತೊಟ್ಟು ನೀರಿಲ್ಲದೆ ಕೂರಿಸುವುದು ಅವರ ಕಿಡ್ನಿಗೆ ಒಳ್ಳೆಯದಲ್ಲ.

ಆಮೇಲೆ ಈ ಮೂರು ಪ್ರಶ್ನೆ ಕೇಳಿ. ನರದ ಬ್ಲಾಕ್ ಕೊಡುತ್ತೀರಾ, ಅದರ ಖರ್ಚು ಪ್ಯಾಕೇಜಿನಲ್ಲಿ ಸೇರಿದೆಯಾ? ಬ್ಲಾಕ್ ಇಳಿದ ಮೇಲೆ ಗಂಟೆ ಪ್ರಕಾರ ಯಾವ ಮಾತ್ರೆ? ಅಷ್ಟಕ್ಕೂ ತಗ್ಗದಿದ್ದರೆ ರಾತ್ರಿ ಯಾರನ್ನು ಕರೆಯಬೇಕು? ಮೂರಕ್ಕೂ ನೇರ ಉತ್ತರ ಸಿಕ್ಕರೆ, ಅರಿವಳಿಕೆ ಯಾವುದಾದರೂ ಇರಲಿ, ನೀವು ಧೈರ್ಯವಾಗಿ ಸಹಿ ಹಾಕಬಹುದು.

ಮನೆಗೆ ಬಂದ ಮೇಲೂ ಕೆಲವು ವಾರ ನೋವು ಇರುತ್ತದೆ. ಫಿಸಿಯೋಥೆರಪಿಗೆ ಮುಕ್ಕಾಲು ಗಂಟೆ ಮೊದಲು ಮಾತ್ರೆ ಕೊಡಿ, ಆಮೇಲೆ ಅಲ್ಲ. ಯಾವಾಗಲಾದರೂ ರಾತ್ರಿ ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಮೀನಖಂಡ ಊದಿ ಬಿಸಿಯಾದರೆ, ಗಾಯ ಒದ್ದೆಯಾದರೆ, ಜ್ವರ ಬಂದರೆ ಮಾತ್ರೆ ಹೆಚ್ಚಿಸುತ್ತಾ ಕೂರಬೇಡಿ, ಅದೇ ದಿನ ಸರ್ಜನ್‌ಗೆ ತೋರಿಸಿ. ಏದುಸಿರು ಅಥವಾ ಎದೆನೋವು ಬಂದರೆ ಅಪಾಯಿಂಟ್‌ಮೆಂಟ್ ಕಾಯದೆ ನೇರ ಎಮರ್ಜೆನ್ಸಿಗೆ ಕರೆದೊಯ್ಯಿರಿ.